ಎರಂಡವಣೆಯಲ್ಲಿ ನಿಂತ ಮರುತ್

ಪುಣೆಯ ಎರಂಡವಣೆಯಲ್ಲಿರುವ ಕಮಲಾ ನೆಹರೂ ಪಾರ್ಕಿಗೆ ಸಂಜೆ ಐದರ ಮೇಲೆ ಹೋದರೆ ಮೊದಲು ಕಿವಿಗೆ ಬೀಳುವುದು ಮಕ್ಕಳ ಗದ್ದಲ. ಜಾರುಬಂಡೆ, ಜೋಕಾಲಿ, ವಾಕಿಂಗಿಗೆ ಬಂದ ಅಜ್ಜ-ಅಜ್ಜಿಯರು, ಗೇಟಿನಾಚೆ ಭೇಳ್ ಗಾಡಿಯವನು ಈರುಳ್ಳಿ ಕೊಚ್ಚುವ ಸದ್ದು. ಇದೆಲ್ಲದರ ನಡುವೆ ಒಂದು ಯುದ್ಧವಿಮಾನ ನಿಂತಿದೆ. ಬಹಳ ಜನರ ಪಾಲಿಗೆ ಅದು ಬರೀ ‘ವಿಮಾನ’. ಫೋನಿನಲ್ಲಿ ‘ವಿಮಾನದ ಹತ್ತಿರ ಬಾ’ ಎಂದು ಹೇಳಲು ಅನುಕೂಲವಾದ ಗುರುತು. ವಿಮಾನದ ಹುಚ್ಚು ಹತ್ತಿದವರಿಗೆ ಅದು ಎಚ್‌ಎಫ್-24 ಮರುತ್. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಭಾರತದಲ್ಲೇ ವಿನ್ಯಾಸಗೊಂಡು, ಇಲ್ಲೇ ತಯಾರಾಗಿ, ಯುದ್ಧಕ್ಕೂ ಹೋಗಿಬಂದ ಮೊದಲ ಜೆಟ್ ಫೈಟರ್. ಒಟ್ಟು 147 ತಯಾರಾದವು. ಇವತ್ತು ಒಂದೂ ಹಾರುವುದಿಲ್ಲ.

ಬಲ್ಲವರು ಅದನ್ನು ನೋಡುವ ಬಗೆಯೇ ಬೇರೆ. ಎದುರಿಗೆ ನಿಂತು ಫೋಟೊ ತೆಗೆಸಿಕೊಳ್ಳುವ ಮೊದಲು ಒಂದು ಸುತ್ತು ಪ್ರದಕ್ಷಿಣೆ ಹಾಕುತ್ತಾರೆ. ಉದ್ದ ಸುಮಾರು 16 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಮೂತಿ ಚೂಪು. ಮೂತಿಯಲ್ಲೇ 30 ಮಿಲಿಮೀಟರಿನ ನಾಲ್ಕು ಏಡನ್ ಫಿರಂಗಿಗಳಿಗೆ ಜಾಗ. ಪೈಲಟ್ ಕೂರುವ ಗೂಡಿನ ಇಕ್ಕೆಲದಲ್ಲಿ ಗಾಳಿ ಒಳಗೆಳೆದುಕೊಳ್ಳುವ ಬಾಯಿಗಳು, ಆ ಬಾಯಿಗಳಲ್ಲಿ ಅರ್ಧ ಶಂಕುವಿನ ಆಕಾರದ ಉಬ್ಬು. ವೇಗ ಶಬ್ದದ ಮಿತಿ ಮುಟ್ಟಿದಾಗ ಏಳುವ ಆಘಾತದ ಅಲೆಯನ್ನು ಪಳಗಿಸಿ, ನುಗ್ಗಿಬರುವ ಗಾಳಿಯ ಓಟ ತಗ್ಗಿಸಿ ಎಂಜಿನ್ನಿಗೆ ಒಪ್ಪಿಸುವುದು ಆ ಉಬ್ಬಿನ ಕೆಲಸ. ಬಾಲದ ಕೆಳಗೆ ಅಕ್ಕಪಕ್ಕ ಕೂತ ಎರಡು ಹೊಗೆಕೊಳವೆಗಳು.

ನಿಜವಾಗಿ ನೋಡಬೇಕಾದದ್ದು ನಡು. ರೆಕ್ಕೆ ಹುಟ್ಟುವ ಜಾಗದಲ್ಲಿ ಒಡಲು ಸಣ್ಣಗಾಗಿ, ಮುಂದೆ ಮತ್ತೆ ತುಂಬಿಕೊಳ್ಳುತ್ತದೆ. ರೆಕ್ಕೆ ಬಂದು ಸೇರಿದಲ್ಲಿ ವಿಮಾನದ ಒಟ್ಟು ದಪ್ಪ ದಿಢೀರನೆ ಹಿಗ್ಗಿದರೆ, ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ವಿಪರೀತ ಏರುತ್ತದೆ. ಹಾಗಾಗದಿರಲಿ ಎಂದು ಒಡಲನ್ನೇ ಅಲ್ಲಿ ಸಣ್ಣ ಮಾಡಿದ್ದಾರೆ. 1950ರ ದಶಕದಲ್ಲಿ ಜಗತ್ತಿನ ವಿಮಾನ ವಿನ್ಯಾಸಕಾರರಿಗೇ ಹೊಸದಾಗಿದ್ದ ಈ ತಿಳಿವಳಿಕೆಯನ್ನು ಬೆಂಗಳೂರಿನ ಕೆಲಸಗಾರರು ಲೋಹದ ತಗಡಿನಲ್ಲಿ ಬಾಗಿಸಿ, ರಿವೆಟ್ ಹೊಡೆದು ಕೂರಿಸಿದರು. ಪಕ್ಕದಿಂದ ನೋಡಿದರೆ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಿಂದೆ ಸರಿದು ನಿಂತು, ಬಾಲದ ಕಡೆಯಿಂದ ಮೂತಿಯವರೆಗೆ ಉದ್ದಕ್ಕೂ ಕಣ್ಣು ಹಾಯಿಸಬೇಕು. ಹಾಗೆ ನೋಡಿದ ಮೇಲೆ ಮರುತ್ ಚೆಲುವಾದ ವಿಮಾನ ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಅಲ್ಲಿ ಒಂದು ಸಂಜೆ ಧಾರವಾಡದ ಕಡೆಯ ಹಿರಿಯರೊಬ್ಬರು ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಎರಂಡವಣೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಅಚ್ಚರಿಪಡಬೇಕಿಲ್ಲ. ಕನ್ನಡ ಸಂಘ ನಡೆಸುವ ಕಲ್ಮಾಡಿ ಶಾಮರಾವ್ ಹೈಸ್ಕೂಲು ಇರುವುದೂ ಇದೇ ಭಾಗದಲ್ಲಿ. ಹುಡುಗ ಪುಣೆಯಲ್ಲೇ ಹುಟ್ಟಿ ಬೆಳೆದವನು, ಅವನಿಗೆ ಗೊತ್ತಿರುವ ಫೈಟರ್ ಒಂದೇ.

“ಅಜ್ಜಾ, ಇದು ಸುಖೋಯ್ ಏನು?”

“ಅಲ್ಲಪಾ. ಸುಖೋಯ್ ಮುಂದ ನಿಂತರ ಇದು ಆನಿ ಮುಂದ ಆಕಳ ಕರು ನಿಂತಂಗ ಕಾಣ್ತದ. ಇದು ಮರುತ್. ನಮ್ಮ ಬೆಂಗಳೂರಾಗ ಮಾಡಿದ್ದು.”

“ಮತ್ತ ಇಲ್ಲಿ ಯಾಕ ಬಂದದ?”

ಅಜ್ಜ ಅದಕ್ಕೆ ತಟ್ಟನೆ ಉತ್ತರ ಕೊಡಲಿಲ್ಲ. ಹುಡುಗನ ಭುಜ ಹಿಡಿದು ಬಾಲದ ಹಿಂದಕ್ಕೆ ಕರೆದೊಯ್ದು, “ಮೊದಲ ಇದರ ಸೊಂಟಾ ನೋಡು” ಎಂದರು. ಅವರು ಬಲ್ಲವರು ಎನ್ನುವುದು ನನಗೆ ಆಗಲೇ ಗೊತ್ತಾಯಿತು. ಹೋಗಿ ಮಾತಾಡಿಸಿದೆ.

ಮರುತ್‌ನ ಕಥೆ ಬಾರದೇ ಹೋದ ಎಂಜಿನ್ನಿನ ಕಥೆ. ಇದನ್ನು ರೂಪಿಸಿದ ತಂಡದ ಮುಖ್ಯಸ್ಥ ಕುರ್ಟ್ ಟ್ಯಾಂಕ್, ಎರಡನೇ ಮಹಾಯುದ್ಧದ ಪ್ರಸಿದ್ಧ ಜರ್ಮನ್ ಫೈಟರ್ ಫೊಕೆ-ವುಲ್ಫ್ 190ರ ಕರ್ತೃ. ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿ ಪುಲ್ಕಿ-2 ಎಂಬ ಜೆಟ್ ಕಟ್ಟಿದರು. ಅದು ಮಾದರಿಗಳ ಹಂತ ದಾಟಲಿಲ್ಲ. 1956ರಲ್ಲಿ ಬೆಂಗಳೂರಿಗೆ ಬಂದರು. ಇಲ್ಲಿ ಎಚ್‌ಎಎಲ್‌ನಲ್ಲಿ ಆಗಲೇ ವಿಷ್ಣು ಮಾಧವ ಘಾಟಗೆ ಇದ್ದರು. ಕೊಲ್ಹಾಪುರ ಸೀಮೆಯವರು, ಗಾಟಿಂಗನ್‌ನಲ್ಲಿ ವಾಯುಬಲ ವಿಜ್ಞಾನದ ಮಹಾಗುರು ಪ್ರಾಂಟ್ಲ್ ಅವರ ಶಿಷ್ಯರಾಗಿ ಓದಿದವರು, 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನವನ್ನು ವಿನ್ಯಾಸ ಮಾಡಿದವರು. ಮಹಾರಾಷ್ಟ್ರದ ಆ ಮನುಷ್ಯ ಬೆಂಗಳೂರಿಗೆ ಹೋಗಿ ವಿಮಾನ ಕಟ್ಟಿದ್ದು, ಬೆಂಗಳೂರಿನಲ್ಲಿ ಕಟ್ಟಿದ ಈ ವಿಮಾನ ಮಹಾರಾಷ್ಟ್ರದ ಪಾರ್ಕಿಗೆ ಬಂದದ್ದು, ಎರಡನ್ನೂ ಒಟ್ಟಿಗೆ ನೆನೆಯುವುದು ನನಗೆ ಇಷ್ಟ.

ಮರುತ್ ಲೋಹದಲ್ಲಿ ಮೈತಾಳುವ ಮುಂಚೆ ಮರದಲ್ಲಿ ಹಾರಿತ್ತು. ಪೂರ್ಣ ಗಾತ್ರದ, ಇಬ್ಬರು ಕೂರುವ, ಎಂಜಿನ್ ಇಲ್ಲದ ಮರದ ಗ್ಲೈಡರ್ ಒಂದನ್ನು ಮಾಡಿ, 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಎಳೆಸಿ ಮೇಲಕ್ಕೊಯ್ದು ಬಿಟ್ಟರು. ಹಗ್ಗ ಕಳಚಿಕೊಂಡ ಮೇಲೆ ರೆಕ್ಕೆಯ ಗುಣವೇನು, ಇಳಿಯುವಾಗ ಹೇಗೆ ನಡೆದುಕೊಳ್ಳುತ್ತದೆ, ಎಲ್ಲವನ್ನೂ ಆಕಾಶದಲ್ಲೇ ತಿಳಿದುಕೊಳ್ಳುವ ಹಂಚಿಕೆ. ಶಬ್ದದ ವೇಗ ಮೀರಬೇಕೆಂಬ ಫೈಟರಿನ ಆಕಾರ ಮರದಲ್ಲಿ, ಸದ್ದಿಲ್ಲದೆ, ಒಂದು ಮುದಿ ಡಕೋಟಾದ ಬೆನ್ನಿಗೆ ಬಿದ್ದು ಬೆಂಗಳೂರಿನ ಮೇಲೆ ಹಾರಿತು ಎಂಬುದನ್ನು ಕಲ್ಪಿಸಿಕೊಂಡರೆ ಸಾಕು, ಈ ಹವ್ಯಾಸದವರಿಗೆ ನಿದ್ದೆ ಹಾರಿಹೋಗುತ್ತದೆ.

1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ನಿಜವಾದ ಮರುತ್ ಹಾರಿಸಿದರು. ಎಚ್‌ಎಎಲ್ ಪಕ್ಕದ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ದಿನಾ ಸಿಕ್ಕಿಹಾಕಿಕೊಳ್ಳುವ ಬೆಂಗಳೂರಿಗರಿಗೆ ಆ ಹೆಸರು ಯಾರದೆಂದು ಗೊತ್ತಿರಲೇಬೇಕು ಎಂದು ನಾನು ಬಯಸುತ್ತೇನೆ. ಒಳ್ಳೆಯ ಬಲದ ಎಂಜಿನ್ ಸಿಕ್ಕಿದ್ದರೆ ದಾಸ್ ಅವರ ಬದುಕೂ ಬೇರೆಯಾಗಿರುತ್ತಿತ್ತೇನೋ. ಟ್ಯಾಂಕ್ ಈ ವಿಮಾನವನ್ನು ರೂಪಿಸಿದ್ದು ಬ್ರಿಟನ್ನಿನ ಆರ್ಫಿಯಸ್-12 ಎಂಬ ಎಂಜಿನ್ ನಂಬಿಕೊಂಡು. ಬ್ರಿಟನ್ನಿಗೆ ಅದರಲ್ಲಿ ಆಸಕ್ತಿ ಹೋಯಿತು. ಬೇಕಿದ್ದರೆ ಅದನ್ನು ಬೆಳೆಸುವ ಖರ್ಚು ನೀವೇ ಕೊಡಿ ಎಂದರು, ಭಾರತ ಕೊಡಲಿಲ್ಲ. ಕೊನೆಗೆ ಹಾಕಿದ್ದು ಆರ್ಫಿಯಸ್-703. ಒಂದೊಂದರ ನೂಕುಬಲ 4,850 ಪೌಂಡ್, ಬೇಕೆಂದಿದ್ದು 8,000ಕ್ಕೂ ಮೇಲೆ. ಬಾಲದ ಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಸುರಿದು ಉರಿಸಿ ಬಲ ಹೆಚ್ಚಿಸುವ ರೀಹೀಟ್ ವ್ಯವಸ್ಥೆ ಇದರಲ್ಲಿರಲಿಲ್ಲ. ಶಬ್ದದ ವೇಗ ಮೀರಲೆಂದು ಕಡೆದ ಮೈ, ನೇರ ಹಾರಾಟದಲ್ಲಿ ಆ ಗಡಿ ದಾಟಲೇ ಇಲ್ಲ. ರೀಹೀಟ್ ಕೂರಿಸಿ ಈ ಕೊರತೆ ತುಂಬುವ ಯತ್ನವೂ ನಡೆಯಿತು. ಅಂಥ ಒಂದು ಮರುತ್ ಪರೀಕ್ಷಿಸುವಾಗಲೇ, 1970ರ ಜನವರಿಯಲ್ಲಿ, ಸುರಂಜನ್ ದಾಸ್ ಬೆಂಗಳೂರಿನಲ್ಲಿ ಜೀವ ಕಳೆದುಕೊಂಡರು.

ಇದನ್ನೆಲ್ಲ ತಿಳಿದು ಮತ್ತೆ ಪಾರ್ಕಿನ ವಿಮಾನದ ಎದುರು ನಿಂತಾಗ ಕಣ್ಣಿಗೆ ಕಾಣುವುದೇ ಬದಲಾಗುತ್ತದೆ. ಗಾಳಿಬಾಯಿಯ ಆ ಅರ್ಧಶಂಕು, ಆ ಸಣ್ಣ ನಡು, ಹಿಂದಕ್ಕೆ ಬಾಗಿದ ರೆಕ್ಕೆ, ಎಲ್ಲವೂ ಮುಟ್ಟದೇ ಹೋದ ವೇಗಕ್ಕಾಗಿ ಮಾಡಿಟ್ಟ ಸಿದ್ಧತೆ. ಅಪರೂಪದ ವಿಮಾನಗಳ ಬೆನ್ನು ಹತ್ತುವವರನ್ನು ಎಳೆಯುವುದು ಇದೇ ಎಂದು ನಾನು ನಂಬಿದ್ದೇನೆ. ಗೆದ್ದ ವಿಮಾನಗಳ ಚರಿತ್ರೆ ಪುಸ್ತಕದಲ್ಲಿ ಸಿಗುತ್ತದೆ. ಇನ್ನೊಂದಿಷ್ಟರಲ್ಲಿ ಗೆಲ್ಲಬಹುದಾಗಿದ್ದ ವಿಮಾನದಲ್ಲಿ ಮನುಷ್ಯರು ಏನೇನು ಆಸೆಪಟ್ಟರು, ಎಲ್ಲಿ ಕೈಚೆಲ್ಲಿದರು ಎನ್ನುವುದು ಅದರ ಮೈಮೇಲೇ ಬರೆದಿರುತ್ತದೆ. ಓದುವ ಕಣ್ಣು ಬೇಕು.

ಹಾಗೆಂದು ಮರುತ್ ಸೋತ ವಿಮಾನವಲ್ಲ. 1971ರ ಯುದ್ಧದಲ್ಲಿ ರಾಜಸ್ಥಾನದ ನೆಲೆಗಳಿಂದ ಎದ್ದು, ಮರುಭೂಮಿಯ ಮೇಲೆ ತೀರ ಕೆಳಗೆ ಹಾರಿ ಹೊಡೆದು ಬಂದವು. ಅಷ್ಟು ಕೆಳಗೆ ಹಾರುವಾಗ ಅದು ಅಲುಗಾಡದೆ ಸ್ಥಿರವಾಗಿರುತ್ತಿತ್ತು ಎನ್ನುವುದು ಹಾರಿಸಿದವರ ಮೆಚ್ಚುಗೆ. ನೆಲದಿಂದ ಹೊಡೆತ ತಿಂದು ಒಂದು ಎಂಜಿನ್ ಸತ್ತ ಮೇಲೂ ಇನ್ನೊಂದರ ಬಲದಲ್ಲಿ ಮನೆ ಸೇರಿದ ಮರುತ್‌ಗಳಿವೆ. ಮರುತ್ ಹಾರಿಸಿದ ಮೂವರಿಗೆ ವೀರಚಕ್ರ ಬಂತು. 1990ರ ಹೊತ್ತಿಗೆ ಸೇವೆ ಮುಗಿಯಿತು.

ಇದರ ಇನ್ನೊಂದು ಎಳೆ ಈಜಿಪ್ಟಿಗೆ ಹೋಗುತ್ತದೆ. ಜರ್ಮನಿಯ ಇನ್ನೊಬ್ಬ ಹೆಸರಾಂತ ವಿನ್ಯಾಸಕಾರ ಮೆಸ್ಸರ್‌ಶ್ಮಿಟ್ ಅವರ ಎಚ್‌ಎ-300 ಎಂಬ ಪುಟ್ಟ ಫೈಟರ್ ಅಲ್ಲಿ ಸಿದ್ಧವಾಗುತ್ತಿತ್ತು. ಅದಕ್ಕೆಂದು ಆಸ್ಟ್ರಿಯಾದ ಬ್ರಾಂಡ್ನರ್ ಇ-300 ಎಂಬ ಎಂಜಿನ್ ಕಟ್ಟುತ್ತಿದ್ದರು. ಅದೇ ಎಂಜಿನ್ ಮರುತ್‌ಗೂ ಹೊಂದಬಹುದೆಂದು ಎರಡು ದೇಶಗಳೂ ಕೈಜೋಡಿಸಿದವು. ಎಚ್‌ಎ-300 ಮೊದಲ ಸಲ ಹಾರಿದ್ದು 1964ರ ಮಾರ್ಚ್ 7ರಂದು. ಹಾರಿಸಿದವರು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ. ಒಂದು ಮರುತ್ ಈಜಿಪ್ಟಿಗೆ ಹೋಗಿ ಆ ಎಂಜಿನ್ ಹೊತ್ತು ಹಾರಿಯೂ ಬಿಟ್ಟಿತು. ಆಮೇಲೆ ಈಜಿಪ್ಟ್ ಯೋಜನೆಯನ್ನೇ ನಿಲ್ಲಿಸಿತು. ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್ ವಿಮಾನ ಸಂಗ್ರಹಾಲಯದಲ್ಲಿ ಈಗ ಎಚ್‌ಎ-300 ಇದೆ, ಬೆಂಗಳೂರಿನ ಒಂದು ಮರುತ್ ಕೂಡ ಅಲ್ಲೇ ಇದೆ. ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಕನ್ನಡಿಗರು ರಜೆಯ ಒಂದು ದಿನವನ್ನು ಅದಕ್ಕೆ ಕೊಡಬೇಕು.

ಪುಣೆಯಲ್ಲಿ ಇನ್ನೊಂದು ವಿಮಾನ ಘೋರ್ಪಡಿಯ ಯುದ್ಧಸ್ಮಾರಕದಲ್ಲಿದೆ: ಕಾರ್ಗಿಲ್ ಕಾಲದ ಮಿಗ್-23ಬಿಎನ್. ರೆಕ್ಕೆಯನ್ನು ಹಾರುವಾಗಲೇ ಹಿಂದಕ್ಕೂ ಮುಂದಕ್ಕೂ ಸರಿಸಬಹುದಾದ ಜಾತಿ. ಏಳುವಾಗ, ಇಳಿಯುವಾಗ ರೆಕ್ಕೆ ಚಾಚಿ 16 ಡಿಗ್ರಿ. ವೇಗ ಬೇಕೆಂದಾಗ ಹಿಂದಕ್ಕೆ ಮಡಚಿ 72 ಡಿಗ್ರಿ. ಜೊತೆಗೆ ಬಾಲದಡಿ ಒಂದು ರೆಕ್ಕೆಯುಂಟು. ಚಕ್ರ ಹೊರಗೆ ಬಂದರೆ ಅದು ತಾನಾಗಿ ಪಕ್ಕಕ್ಕೆ ಮಡಚಿಕೊಳ್ಳಬೇಕು, ಇಲ್ಲವಾದರೆ ನೆಲಕ್ಕೆ ಉಜ್ಜುತ್ತದೆ. ಸ್ಮಾರಕಕ್ಕೆ ಬಂದವರು ಹುತಾತ್ಮರಿಗೆ ಕೈಮುಗಿದು ಮುಂದೆ ಹೋಗುತ್ತಾರೆ. ವಿಮಾನಪ್ರಿಯರೂ ಕೈಮುಗಿಯುತ್ತಾರೆ, ಆಮೇಲೆ ಬಗ್ಗಿ ಬಾಲದಡಿ ಇಣುಕುತ್ತಾರೆ. ಮಿಗ್-23ಬಿಎನ್‌ಗಳು 2009ರಲ್ಲಿ ನಿವೃತ್ತಿಯಾದವು. ರೆಕ್ಕೆ ಸರಿಸುವ ಯಂತ್ರದ ತೂಕ ಮತ್ತು ತಾಪತ್ರಯ ಸಾಕೆನಿಸಿ ಜಗತ್ತೇ ಆ ಬಗೆಯ ಫೈಟರ್ ಕಟ್ಟುವುದನ್ನು ಬಿಟ್ಟಿದೆ. ಹೀಗಾಗಿ ಅದರ ಹತ್ತಿರ ನಿಂತು ರೆಕ್ಕೆಯ ಬುಡದ ಸಂದು ನೋಡುವ ಅವಕಾಶ ಸಣ್ಣದಲ್ಲ.

ಜೀವಂತ ವಿಮಾನ ಬೇಕೆಂದರೆ ಲೋಹಗಾಂವ್. 1939ರಲ್ಲಿ ಬ್ರಿಟಿಷರು ಕಟ್ಟಿದ ನೆಲೆ. ಮಹಾಯುದ್ಧದಲ್ಲಿ ವೆಲಿಂಗ್ಟನ್ ಬಾಂಬರುಗಳನ್ನೂ ಸ್ಪಿಟ್‌ಫೈರ್‌ಗಳನ್ನೂ ಕಂಡದ್ದು. ಇವತ್ತು ಇಂಡಿಗೋ ವಿಮಾನವೂ ಸುಖೋಯ್-30 ಕೂಡ ಅದೇ ರನ್‌ವೇ ಹಂಚಿಕೊಳ್ಳುತ್ತವೆ. ಧಾನೋರಿ, ಟಿಂಗ್ರೆ ನಗರ, ವಿಮಾನ್ ನಗರದ ಮನೆಗಳಲ್ಲಿ ಮಾತಾಡುತ್ತಿರುವಾಗ ಜೋಡಿ ಸುಖೋಯ್ ಎದ್ದರೆ ಮಾತು ನಿಲ್ಲಿಸಬೇಕು, ಬೇರೆ ದಾರಿಯಿಲ್ಲ. ಮೊದಲು ನೆಲದಿಂದ ಬಂದಂತೆ ಗುಡುಗು, ಕಿಟಕಿಯ ಗಾಜು ನಡುಗುವುದು, ಆಮೇಲೆ ಕಣ್ಣಿಗೆ ಬೀಳುವ ಎರಡು ಕಿತ್ತಳೆ ಬಣ್ಣದ ಉರಿ. ಮೊದಲನೆಯದು ದೂರ ಸರಿಯುವಷ್ಟರಲ್ಲಿ ಎರಡನೆಯದು. ಅಡುಗೆಮನೆಯಿಂದ ಯಾರೂ ಹೊರಗೆ ಬರುವುದಿಲ್ಲ, ಅವರಿಗೆ ರೂಢಿ. ಟೆರೇಸಿಗೆ ಓಡುವವರು ಬೇರೆ.

ಭಾರತದ ಮೊದಲ ಸುಖೋಯ್-30ಗಳು 1997ರಲ್ಲಿ ಬಂದು ಸೇರಿದ್ದು ಈ ನೆಲೆಗೇ. ಎಂಕೆಐ ಮಾದರಿಯೂ 2002ರಲ್ಲಿ ಇಲ್ಲಿಗೇ ಬಂತು. ಆಗ ರಕ್ಷಣಾ ಸಚಿವರಾಗಿದ್ದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ರಾಷ್ಟ್ರಪತಿಯಾಗಿದ್ದಾಗ ಅಬ್ದುಲ್ ಕಲಾಂ 2006ರ ಜೂನ್‌ನಲ್ಲಿ ಸುಖೋಯ್ ಏರಿದ್ದು, 2009ರ ನವೆಂಬರ್‌ನಲ್ಲಿ 74ರ ವಯಸ್ಸಿನ ಪ್ರತಿಭಾ ಪಾಟೀಲ್ ಏರಿದ್ದು, ಎರಡೂ ಈ ರನ್‌ವೇಯಿಂದಲೇ.

ಸೇನಾ ನೆಲೆಯಾದ್ದರಿಂದ ಇಲ್ಲಿ ಫೋಟೊ ತೆಗೆಯುವಂತಿಲ್ಲ. ಮುಂಬೈಯಲ್ಲಿ, ದೊಡ್ಡ ಊರುಗಳಲ್ಲಿ ಉದ್ದ ಲೆನ್ಸು ಹೊತ್ತು ಪ್ರಯಾಣಿಕ ವಿಮಾನಗಳ ಬೆನ್ನು ಹತ್ತುವವರಿಗೆ ಇದು ಶಿಕ್ಷೆ ಅನಿಸೀತು. ಪುಣೆಯ ವಿಮಾನಪ್ರಿಯರನ್ನು ಈ ನಿಯಮ ಬೇರೆ ರೀತಿ ಬೆಳೆಸಿದೆ. ಅವರು ಕಿವಿಯಲ್ಲಿ ಗುರುತು ಹಿಡಿಯುತ್ತಾರೆ. ನಾಲ್ಕು ಪಂಕದ ಎಎನ್-12 ಇದ್ದ ಕಾಲದಲ್ಲಿ ಅದರ ಸದ್ದೇ ಬೇರೆ, ಎರಡು ಪಂಕದ ಎಎನ್-32ರದು ಬೇರೆ ಎಂದು ವಾದಿಸುತ್ತಾರೆ. ಮನೆಗೆ ಹೋಗಿ 72ನೇ ಒಂದಂಶದ ಅಳತೆಯ ಪ್ಲಾಸ್ಟಿಕ್ ಮಾದರಿಗೆ ಬಣ್ಣ ಬಳಿಯುತ್ತ, ಆ ದಿನ ಕಂಡ ರೆಕ್ಕೆಯ ಕೊನೆ ಹೇಗಿತ್ತೆಂದು ನೆನಪಿನಿಂದ ತಿದ್ದುತ್ತಾರೆ.

ಹಳೆಯ ಪುಣೇಕರರಿಗೆ ಲೋಹಗಾಂವ್ ಎಂದರೆ ಕ್ಯಾನ್‌ಬೆರಾ. 1961ರ ಡಿಸೆಂಬರ್ 18ರ ಬೆಳಗ್ಗೆ ಗೋವಾದ ಡಾಬೋಲಿಂ ರನ್‌ವೇ ಮೇಲೆ ಬಾಂಬು ಹಾಕಿದ್ದು ಪುಣೆಯಿಂದ ಎದ್ದ ಕ್ಯಾನ್‌ಬೆರಾಗಳು. ಪೋರ್ಚುಗೀಸರಿಂದ ಗೋವಾ ಬಿಡಿಸಿದ ಆ ಕಾರ್ಯಾಚರಣೆಯಲ್ಲಿ ಬಳಕೆಯಾದ ಇನ್ನೊಂದು ನೆಲೆ ಬೆಳಗಾವಿಯ ಸಾಂಬ್ರಾ. ಅಂದು ಡಾಬೋಲಿಂನಲ್ಲಿ ಪೋರ್ಚುಗೀಸರ ಎರಡು ಪ್ರಯಾಣಿಕ ವಿಮಾನಗಳಿದ್ದವು, ಒಂದು ಮೂರು ಬಾಲದ ಕಾನ್‌ಸ್ಟೆಲೇಶನ್. ರಾತ್ರಿ ಕತ್ತಲೆಯಲ್ಲಿ, ಬಾಂಬಿನ ಗುಂಡಿ ಬಿದ್ದ ರನ್‌ವೇಯಲ್ಲಿ ಉಳಿದಷ್ಟೇ ಜಾಗದಿಂದ ಎರಡೂ ಎದ್ದು ಕರಾಚಿಗೆ ಪಾರಾದವು. ಯುದ್ಧದ ಇತಿಹಾಸದಲ್ಲಿ ಇದು ಒಂದು ಸಾಲು. ಕಾನ್‌ಸ್ಟೆಲೇಶನ್ ಮೋಹಿತರ ನಡುವೆ ಗಂಟೆಗಟ್ಟಲೆ ನಡೆಯುವ ಚರ್ಚೆ: ಎಷ್ಟು ಉದ್ದ ಓಡಿ ಎದ್ದಿರಬಹುದು, ಒಳಗೆ ಎಷ್ಟು ಭಾರ ಇದ್ದಿರಬಹುದು.

ಇಂಥ ಮೋಹ ಹುಟ್ಟಿಸುವ ವಿಮಾನ ಕಾಣಸಿಗುವುದೇ ಅಪರೂಪ, ಮತ್ತೆ ಸಿಗುತ್ತದೆಂಬ ಖಾತ್ರಿಯಿಲ್ಲ. 2016ರ ಮೇ ತಿಂಗಳಲ್ಲಿ ಜಗತ್ತಿನ ಅತಿ ಭಾರದ ವಿಮಾನ, ಆರು ಎಂಜಿನ್ನಿನ ಎಎನ್-225 ಮ್ರಿಯಾ ಹೈದರಾಬಾದಿನ ಶಂಶಾಬಾದಿಗೆ ಬಂದಿತ್ತು. ಆಮೇಲೆ ನೋಡೋಣ ಎಂದುಕೊಂಡವರಿಗೆ ಆ ‘ಆಮೇಲೆ’ ಬರಲಿಲ್ಲ. ಇದ್ದದ್ದು ಒಂದೇ ಮ್ರಿಯಾ, 2022ರಲ್ಲಿ ಉಕ್ರೇನಿನ ಹೊಸ್ಟೊಮೆಲ್‌ನಲ್ಲಿ ಯುದ್ಧಕ್ಕೆ ಸಿಕ್ಕಿ ನಾಶವಾಯಿತು. ಬೆಂಗಳೂರಿನವರು ಈ ವಿಷಯದಲ್ಲಿ ಪುಣ್ಯವಂತರು. 2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ರಷ್ಯದ ಸು-57, ಅಮೆರಿಕದ ಎಫ್-35 ಒಂದೇ ಪ್ರದರ್ಶನದಲ್ಲಿ ನೋಡಸಿಕ್ಕವು. ಪುಣೆಯಿಂದ ರಾತ್ರಿ ಬಸ್ಸು ಹತ್ತಿ ಹೋದವರು ಕಡಿಮೆಯಿಲ್ಲ.

ಆದರೆ ನನ್ನ ಆತಂಕ ಹೊಸ ವಿಮಾನಗಳ ಬಗ್ಗೆ ಅಲ್ಲ. ಬಯಲಲ್ಲಿ ನಿಲ್ಲಿಸಿದ ವಿಮಾನ ನಿಧಾನವಾಗಿ ಸಾಯುತ್ತದೆ. ಮಳೆನೀರು ತಗಡಿನ ಸಂದಿಗೆ ಇಳಿದು ನಿಲ್ಲುತ್ತದೆ. ಅಲ್ಯುಮಿನಿಯಂ ಕೆಂಪಗೆ ತುಕ್ಕು ಹಿಡಿಯುವುದಿಲ್ಲ, ಬಿಳಿ ಪುಡಿಯಾಗಿ ಪದರು ಪದರಾಗಿ ಉಬ್ಬುತ್ತದೆ. ರಿವೆಟ್ಟಿನ ಸುತ್ತ ಆ ಪುಡಿ ಕಂಡರೆ ಒಳಗೆ ಅದಕ್ಕಿಂತ ಹೆಚ್ಚು ಹಾಳಾಗಿದೆ ಎಂದೇ ಲೆಕ್ಕ. ಪೈಲಟ್ ಗೂಡಿನ ಅಕ್ರಿಲಿಕ್ ಹೊದಿಕೆ ಬಿಸಿಲಿಗೆ ಕೂದಲೆಳೆಯ ಬಿರುಕು ಬಿಟ್ಟು ಮಂಜಾಗುತ್ತದೆ. ಗಾಳಿಬಾಯಿಯೊಳಗೆ ಪಾರಿವಾಳ ಗೂಡು ಕಟ್ಟುತ್ತದೆ, ಅದರ ಹಿಕ್ಕೆ ಲೋಹ ತಿನ್ನುತ್ತದೆ. ವರ್ಷ ವರ್ಷ ದಪ್ಪಗೆ ಪೇಂಟ್ ಬಳಿದರೆ ಹೊರಗಿನಿಂದ ಹೊಸದಾಗಿ ಕಾಣುತ್ತದೆ, ರಿವೆಟ್ಟಿನ ಸಾಲು, ಮುಚ್ಚಳಗಳ ಮೇಲಿದ್ದ ಸಣ್ಣ ಅಕ್ಷರ ಎಲ್ಲ ಅಳಿಸಿಹೋಗುತ್ತವೆ. 147ರಲ್ಲಿ ಉಳಿದಿರುವುದು ಕೆಲವೇ. ಮೇಲೊಂದು ಸೂರು, ನೀರು ಹರಿದುಹೋಗಲು ತೂತು, ಗಾಳಿಬಾಯಿಗೆ ಜಾಲರಿ, ಪಕ್ಕದಲ್ಲಿ ಟ್ಯಾಂಕ್, ಘಾಟಗೆ, ದಾಸ್ ಹೆಸರು ಬರೆದ ಒಂದು ಒಳ್ಳೆಯ ಫಲಕ ಮರಾಠಿಯಲ್ಲೂ ಕನ್ನಡದಲ್ಲೂ. ಇಷ್ಟು ಕೇಳುವುದು ಅತಿಯಾಸೆಯಲ್ಲ.

ಆ ಸಂಜೆ ಧಾರವಾಡದ ಹಿರಿಯರೊಂದಿಗೆ ಶುರುವಾದ ಮಾತು ಪಾರ್ಕಿನ ಹೊರಗಿನ ಚಹಾದಂಗಡಿಯಲ್ಲಿ ಮುಂದುವರಿಯಿತು. ಹಿಂಜೆವಾಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗನೊಬ್ಬ, ನಮ್ಮ ಕನ್ನಡ ಕೇಳಿ ತಾನಾಗಿ ಬಂದು ಕೂತ. ಅವನಿಗೂ ಇದೇ ಹುಚ್ಚು.

“ಆ ಹನ್ನೆರಡನೇ ನಂಬರಿನ ಆರ್ಫಿಯಸ್ ಒಂದು ಬಂದಿದ್ರ, ಮಿಗ್ ತರಿಸೋ ಪ್ರಸಂಗನ ಬರ್ತಿದ್ದಿಲ್ಲ ನೋಡ್ರಿ” ಎಂದರು ಹಿರಿಯರು.

“ಬಂದಿದ್ರೂ ಕಷ್ಟ ಇತ್ತು ಸರ್. ರೀಹೀಟ್ ಹಾಕಿದ್ರೆ ಇಂಧನ ಎಷ್ಟು ಕುಡಿಯುತ್ತೆ! ಆ ಒಡಲಲ್ಲಿ ಅಷ್ಟು ಟ್ಯಾಂಕಿಗೆ ಜಾಗ ಎಲ್ಲಿದೆ?”

“ಹೊಟ್ಟ್ಯಾಗ ಐವತ್ತು ರಾಕೆಟ್ಟಿನ ಪೆಟ್ಟಿಗಿ ಇತ್ತಲಾ, ಅದನ್ನ ತಗದ ಅಲ್ಲಿ ಟ್ಯಾಂಕ್ ಕೂಡಿಸಬಹುದಿತ್ತು.”

“ಬಾಲದ ಕಡೆನೂ ಅಗಲ ಮಾಡ್ಬೇಕಾಗ್ತಿತ್ತು ಸರ್. ಆಗ ಆ ನಡು ಲೆಕ್ಕ ಎಲ್ಲ ತಪ್ಪುತ್ತೆ.”

ಹಿರಿಯರು ಕಪ್ಪು ಕೆಳಗಿಟ್ಟರು. ಮೊಮ್ಮಗ ಭೇಳ್ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. “ಮುಂದಿನ ತಿಂಗಳ ಮಗಳ ಮನಿಗೆ ಬೆಂಗಳೂರಿಗೆ ಹೊಂಟೀನಿ. ಕಸ್ತೂರ್ಬಾ ರೋಡಿನ ಮ್ಯೂಸಿಯಮ್ಮಿನಾಗೂ ಒಂದ ಮರುತ್ ಐತಿ. ಇವನ್ನ ಕರ್ಕೊಂಡ ಹೋಗಿ, ಬಾಲದ ಕಡೆ ಎಷ್ಟ ಜಾಗಾ ಐತಿ ಅಂತ ಟೇಪ್ ಹಿಡದ ನೋಡ್ಕೊಂಡ ಬರ್ತೀನಿ. ಆಮ್ಯಾಲೆ ಮಾತಾಡೂಣು” ಎಂದು, ಹುಡುಗನ ಫೋನ್ ನಂಬರು ಬರೆದುಕೊಳ್ಳಲು ಜೇಬಿನಿಂದ ಪೆನ್ನು ತೆಗೆದರು.